ಅವಧಾನವೂ ಅಪ್ರಸ್ತುತ ಪ್ರಸಂಗವೂ

ಬೆಂಗಳೂರು ಮಂಗಳೂರುಗಳನ್ನು ಭೂಪಟದ ಮೇಲೆ ನೆಟ್ಟಗೆ ಗೆರೆಯೆಳೆದು ಕೂಡಿಸಿದರೆ ಆ ಗೆರೆಯು ಆಲೂರು ಸಕಲೇಶಪುರಗಳ ಬೆಟ್ಟಸಾಲನ್ನು ಹಾದೇ ಪಡುಗಡಲಿನ ಕಡೆಗೆ ಇಳಿಯುತ್ತದೆ. ಮಳೆ ಬಿಟ್ಟು ಆಕಾಶವು ತಿಳಿಯಾಗಿರುವ ತಿಂಗಳುಗಳಲ್ಲಿ ಮಂಜರಾಬಾದು ಕೋಟೆಯ ದಿಬ್ಬದ ಮೇಲೆ ನಿಂತವನಿಗೆ ವಿಮಾನದ ಸದ್ದು ಅಪರೂಪವಾದುದೇನೂ ಅಲ್ಲ. ಮೂರು ನಾಟಿಕಲ್ ಮೈಲಿಗೆ ಸಾವಿರ ಅಡಿಯಂತೆ ಇಳಿಯಬೇಕೆಂಬುದು ವೈಮಾನಿಕರ ಸ್ಥೂಲವಾದ ಲೆಕ್ಕ. ಆ ಲೆಕ್ಕದಂತೆ ನೋಡಿದರೆ ಬೆಂಗಳೂರಿನಿಂದ ಬಜ್ಪೆಗೆ ಹೋಗುವ ವಿಮಾನವು ತನ್ನ ಇಳಿತವನ್ನು ಆರಂಭಿಸುವುದು ಹೆಚ್ಚುಕಡಮೆ ನಮ್ಮ ಕಾಫಿ ಏಲಕ್ಕಿಗಳ ತೋಟಗಳ ಮೇಲೆಯೇ. ಹೇಮಾವತಿಯ ದಡದಲ್ಲಿ ಕುಳಿತು ತಲೆಯೆತ್ತಿ ನೋಡುವ ನಮಗೆ ಅದು ಒಂದು ಮಿನುಗುವ ಚುಕ್ಕೆ. ಅದರೊಳಗೆ ನೂರಾರು ಜನರ ಪ್ರಾಣವು ಇಬ್ಬರ ಅವಧಾನವನ್ನು ನಂಬಿ ಕುಳಿತಿರುತ್ತದೆಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ.

ನೆನೆಯುವಂತೆ ಮಾಡಿದ ದಿನವೊಂದು ಉಂಟು. 2010ನೆಯ ಇಸವಿ ಮೇ ತಿಂಗಳ 22ನೆಯ ತಾರೀಖು ಬೆಳಗ್ಗೆ ಆರು ಗಂಟೆಯ ಸುಮಾರಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ವಿಮಾನವು ಬಜ್ಪೆಯ ಬೆಟ್ಟದ ನೆತ್ತಿಯ ಮೇಲಿನ ಓಟಪಥದಲ್ಲಿ ನಿಲ್ಲಲಾರದೆ, ಆಚೆಯ ಕಮರಿಗೆ ಬಿದ್ದು ಬೆಂಕಿಗೆ ಆಹುತಿಯಾಯಿತು. ಒಳಗಿದ್ದವರು 166 ಮಂದಿ. ಬದುಕಿದವರು ಕೇವಲ 8 ಮಂದಿ. ಮಡಿದ 158 ಜನರಲ್ಲಿ ಬಹುಮಂದಿ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಮನೆಗಳಿಗೆ ಸೇರಿದವರು. ಪರದೇಶದಲ್ಲಿ ದುಡಿದು ರಜೆಯ ಮೇಲೆ ಊರಿಗೆ ಬರುತ್ತಿದ್ದವರು. ಮನೆಯವರು ನಿಲ್ದಾಣದ ಬಾಗಿಲಲ್ಲಿ ಕಾದು ನಿಂತಿರಲು, ಮಕ್ಕಳು ಮರಿಗಳೊಡನೆ ಅವರು ಬೂದಿಯಾದರು. ಗುರುತು ಸಿಕ್ಕದೆ ಉಳಿದ ದೇಹಗಳನ್ನು ಕೂಳೂರಿನ ಬಳಿ ಫಲ್ಗುಣಿ ನದಿಯ ತಡಿಯಲ್ಲಿ ಮಣ್ಣುಮಾಡಲಾಯಿತು. ಅಲ್ಲಿ ಈಗ ಸ್ಮಾರಕವಿದೆ. ಅಧಿಕಾರಿಗಳು ಆ ದಿನ ಅಲ್ಲಿಗೆ ಹೋಗಿ ಹೂವಿಟ್ಟು ಬರುತ್ತಾರೆ. ಹೂವಿಡುವುದು ಯೋಗ್ಯವೇ. ಆದರೆ ಆ ಮರಣಗಳು ಹೇಳುವ ಪಾಠವನ್ನು ನಾವು ಎಷ್ಟುಮಟ್ಟಿಗೆ ಕಲಿತಿದ್ದೇವೆಂಬುದನ್ನು ವಿಚಾರಿಸುವುದೇ ಇಂದಿನ ಈ ಲೇಖನದ ಉದ್ದೇಶ.

ವಿಚಾರಣೆಯಲ್ಲಿ ಹೊರಬಿದ್ದುದು

ಏರ್ ಮಾರ್ಷಲ್ ಗೋಖಲೆಯವರ ಅಧ್ಯಕ್ಷತೆಯಲ್ಲಿ ಸರಕಾರವು ನೇಮಿಸಿದ ವಿಚಾರಣಾ ನ್ಯಾಯಾಲಯವು ಕೊಟ್ಟ ವರದಿಯನ್ನು ಓದಿದವರಿಗೆ ಮೈ ಜುಮ್ಮೆನ್ನದೆ ಇರದು. ಚಾಲಕರ ಕೋಣೆಯ ಧ್ವನಿಗ್ರಾಹಕ ಯಂತ್ರದಲ್ಲಿ ಎರಡು ಗಂಟೆ ಐದು ನಿಮಿಷಗಳ ಧ್ವನಿಯು ಉಳಿದಿತ್ತು. ಅದರ ಮೊದಲ ಒಂದು ಗಂಟೆ ನಲವತ್ತು ನಿಮಿಷಗಳ ಕಾಲ ಕ್ಯಾಪ್ಟನ್ನರು ನಿದ್ರಿಸುತ್ತಿದ್ದರು. ಗೊರಕೆಯ ಸದ್ದು ಸಹ ಅದರಲ್ಲಿ ದಾಖಲಾಗಿತ್ತು. ಅವರು ಎಚ್ಚತ್ತದ್ದು ಇಳಿಯುವ ಕಾಲ ಸಮೀಪಿಸಿದಾಗ. ಗಾಢನಿದ್ರೆಯಿಂದ ಎದ್ದವನ ಬುದ್ಧಿಯು ಕೆಲಕಾಲ ಮಂಜು ಮುಸುಕಿದಂತಿರುವುದು ನಮ್ಮೆಲ್ಲರ ಅನುಭವ. ಇದನ್ನು ವೈದ್ಯರು ನಿದ್ರಾಜಡತೆ ಎನ್ನುತ್ತಾರೆ. ಬೆಳಗಿನ ಜಾವವು ದೇಹದ ಚೈತನ್ಯವು ಅತ್ಯಂತ ಕುಗ್ಗಿರುವ ವೇಳೆಯೂ ಹೌದು. ಇದರ ಮೇಲೆ ಮಂಗಳೂರಿನ ರೇಡಾರ್ ಯಂತ್ರವು ಆ ದಿನ ಕೆಟ್ಟಿದ್ದುದರಿಂದ, ಇಳಿತಕ್ಕೆ ಅಪ್ಪಣೆಯು ಎಂದಿಗಿಂತ ತಡವಾಗಿ ದೊರೆಯಿತು.

ಪರಿಣಾಮವೇನಾಯಿತು? ವಿಮಾನವು ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಓಟಪಥದ ಹೊಸ್ತಿಲನ್ನು 50 ಅಡಿಯ ಎತ್ತರದಲ್ಲಿ 144 ನಾಟಿನ ವೇಗದಿಂದ ದಾಟಬೇಕಾದುದು, 200 ಅಡಿಯ ಎತ್ತರದಲ್ಲಿ 160 ನಾಟಿಗೂ ಮೀರಿದ ವೇಗದಿಂದ ದಾಟಿತು. ನೆಲ ಮುಟ್ಟುವ ವೇಳೆಗೆ ಸುಮಾರು ಎಂಟು ಸಾವಿರ ಅಡಿಯ ಓಟಪಥದಲ್ಲಿ ಐದು ಸಾವಿರ ಅಡಿಗೂ ಹೆಚ್ಚು ಹಿಂದಕ್ಕೆ ಹೋಗಿತ್ತು. ಯಂತ್ರವು ತನ್ನ ಕೃತಕಕಂಠದಿಂದ ಎಚ್ಚರಿಕೆಯನ್ನು ಮೇಲಿಂದಮೇಲೆ ಕೂಗುತ್ತಿತ್ತು. ಪಕ್ಕದಲ್ಲಿ ಕುಳಿತ ಸಹಚಾಲಕರು, ಇಳಿಯುವುದನ್ನು ಬಿಟ್ಟು ಮೇಲೇರಿ ಸುತ್ತಿ ಬರೋಣವೆಂದು ಮೂರು ಬಾರಿ ಹೇಳಿದರು. ಕ್ಯಾಪ್ಟನ್ನರು ಕೇಳಲಿಲ್ಲ. ನೆಲ ಮುಟ್ಟಿ, ವೇಗ ತಗ್ಗಿಸುವ ಉಪಾಯಗಳನ್ನು ಆರಂಭಿಸಿದ ಮೇಲೆ, ಕೂಡದೆಂದು ನಿಯಮವಿರುವ ಗಳಿಗೆಯಲ್ಲಿ ಮತ್ತೆ ಮೇಲೇರಲು ಯತ್ನಿಸಿದರು. ಯಂತ್ರದಲ್ಲಿ ದೋಷವಿರಲಿಲ್ಲ, ಹವೆಯು ತಿಳಿಯಾಗಿತ್ತು. ಹಲವು ಸಾವಿರ ಗಂಟೆಗಳ ಅನುಭವವಿದ್ದ ಚಾಲಕನೊಬ್ಬನ ಅನವಧಾನವೂ ಹಠವೂ ಸೇರಿ 158 ಮನೆಗಳ ದೀಪವನ್ನು ಆರಿಸಿದುವು.

ತಾಳೆಪಟ್ಟಿಯ ಹುಟ್ಟು

ಇಂತಹ ಅನವಧಾನಕ್ಕೆ ಮದ್ದೆಂದು ವೈಮಾನಿಕಲೋಕವು ಕಂಡುಕೊಂಡಿರುವ ಸಾಧನವು ಅತಿ ಸರಳವಾದುದು. ಅದು ಒಂದು ಕಾಗದದ ತುಂಡು. ಚೆಕ್‌ಲಿಸ್ಟ್ ಎಂದು ಅವರು ಕರೆಯುವ ಇದನ್ನು ನಾವು ತಾಳೆಪಟ್ಟಿ ಎನ್ನಬಹುದು. ಇದರ ಕಥೆಯನ್ನು ವಾಚಕರು ತಿಳಿದಿರುವುದು ಒಳ್ಳೆಯದು.

1935ನೆಯ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋ ಪ್ರಾಂತದ ಡೇಟನ್ ನಗರದ ಬಳಿ ಬೋಯಿಂಗ್ ಕಂಪನಿಯವರು ಸೈನ್ಯಕ್ಕೆಂದು ಕಟ್ಟಿದ ನಾಲ್ಕು ಯಂತ್ರಗಳ ಹೊಸ ವಿಮಾನದ ಪರೀಕ್ಷೆ ನಡೆಯಿತು. ಅದನ್ನು ಹಾರಿಸಿದವನು ಮೇಜರ್ ಹಿಲ್ ಎಂಬ ನುರಿತ ಪರೀಕ್ಷಾಚಾಲಕ. ವಿಮಾನವು ನೆಲಬಿಟ್ಟು ಮೇಲೆದ್ದು, ತಟಸ್ಥವಾಗಿ, ಹೊರಳಿ ಬಿದ್ದು ಉರಿಯಿತು. ಹಿಲ್ಲನೂ ಕಂಪನಿಯ ಚಾಲಕನಾದ ಟವರ್ ಎಂಬವನೂ ಸತ್ತರು. ಕಾರಣವು ಇಷ್ಟೇ: ವಿಮಾನವು ನಿಂತಿದ್ದಾಗ ಗಾಳಿಗೆ ಬಾಲದ ಹಲಗೆಗಳು ಬಡಿದಾಡದಿರಲೆಂದು ಹಾಕಿದ್ದ ಬೀಗವನ್ನು ತೆಗೆಯಲು ಮರೆತಿದ್ದರು. ಈ ವಿಮಾನವು ಒಬ್ಬ ಮನುಷ್ಯನ ನೆನಪಿಗೆ ಮೀರಿದುದೆಂದು ಕೆಲವರು ಆಡಿಕೊಂಡರು. ಆದರೆ ಸೈನ್ಯದ ಚಾಲಕರು ಬೇರೊಂದು ವಿಧವಾಗಿ ಯೋಚಿಸಿದರು. ಹಾರುವ ಮುನ್ನ, ಹಾರುವಾಗ, ಇಳಿಯುವ ಮುನ್ನ, ಇಳಿದ ಮೇಲೆ ಮಾಡತಕ್ಕ ಕೆಲಸಗಳನ್ನು ಒಂದೊಂದಾಗಿ ಬರೆದು, ಓದಿ ತಾಳೆನೋಡಿ ಮುಂದುವರಿಯುವ ಪದ್ಧತಿಯನ್ನು ಏರ್ಪಡಿಸಿದರು. ಅದೇ ವಿಮಾನದ ಸಂತತಿಯೇ ಮುಂದೆ ಎರಡನೆಯ ಮಹಾಯುದ್ಧದಲ್ಲಿ ಹನ್ನೆರಡು ಸಾವಿರಕ್ಕೂ ಮಿಕ್ಕ ಸಂಖ್ಯೆಯಲ್ಲಿ ತಯಾರಾಯಿತು. ಪಟ್ಟಿಯು ಲೋಕದ ಎಲ್ಲ ವಿಮಾನಗಳಿಗೂ ಹಬ್ಬಿತು.

ಇಂದಿನ ಪದ್ಧತಿಯಲ್ಲಿ ಒಬ್ಬ ಚಾಲಕನು ಪಟ್ಟಿಯ ಬಾಬನ್ನು ಓದುವನು. ಇನ್ನೊಬ್ಬನು ಅದನ್ನು ಕಣ್ಣಾರೆ ನೋಡಿ ಉತ್ತರ ಹೇಳುವನು. ಚಕ್ರಗಳು ಇಳಿದು ಬಿಗಿದಿವೆಯೆ? ರೆಕ್ಕೆಯ ಅಂಚಿನ ಫ್ಲಾಪುಗಳು ಬೇಕಾದಷ್ಟು ಚಾಚಿವೆಯೆ? ನೆಲ ಮುಟ್ಟಿದೊಡನೆ ರೆಕ್ಕೆಯ ಮೇಲೆ ಎದ್ದು ವೇಗವನ್ನು ತಗ್ಗಿಸುವ ಹಲಗೆಗಳು ಸಜ್ಜಾಗಿವೆಯೆ? ಹೀಗೆ ಪ್ರಶ್ನೆ ಉತ್ತರಗಳ ಸರಪಳಿ. ಪಾಠಶಾಲೆಯಲ್ಲಿ ಓದಿದ ನಮಗೆ ಇದನ್ನು ಕೇಳಿದಾಗ ಬಾಲ್ಯದ ಸಂಥೆಯು ನೆನಪಿಗೆ ಬರುತ್ತದೆ. ಗುರುಗಳು ಒಮ್ಮೆ ಹೇಳಿದುದನ್ನು ಶಿಷ್ಯರು ಎರಡು ಬಾರಿ ಹೇಳಬೇಕು. ಒಂದು ಸ್ವರ ತಪ್ಪಿದರೂ ಅಲ್ಲಿಯೇ ನಿಲ್ಲಿಸಿ ಮೊದಲಿನಿಂದ ಹೇಳಿಸುವರು. ಸಾವಿರಾರು ವರ್ಷ ಬರವಣಿಗೆಯ ಹಂಗಿಲ್ಲದೆ ವೇದವು ಉಳಿದುದು ಈ ತಾಳೆನೋಡುವ ಕ್ರಮದಿಂದಲೇ ಹೊರತು ಒಬ್ಬೊಬ್ಬರ ನೆನಪಿನ ಬಲದಿಂದಲ್ಲ. ನೆನಪು ಎಷ್ಟು ಗಟ್ಟಿಯಾದರೂ ಅದನ್ನು ಕಾಯುವ ಇನ್ನೊಂದು ಕಿವಿ ಬೇಕೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು.

ಅಪ್ರಸ್ತುತ ಪ್ರಸಂಗ

ಪಟ್ಟಿಯೊಂದಿದ್ದರೆ ಸಾಕೆ? ಸಾಲದು. ಪಟ್ಟಿಯನ್ನು ಓದುವ ಮನಸ್ಸು ಅಲ್ಲಿಯೇ ಇರಬೇಕು. ಇಲ್ಲಿ ನಮ್ಮ ಅಷ್ಟಾವಧಾನದ ದೃಷ್ಟಾಂತವು ಉಪಯುಕ್ತವಾಗಿದೆ. ಅವಧಾನಿಯ ಸುತ್ತ ಎಂಟು ಮಂದಿ ಪೃಚ್ಛಕರು ಕುಳಿತಿರುವರು. ಒಬ್ಬನು ಸಮಸ್ಯೆಯನ್ನು ಕೊಡುವನು. ಒಬ್ಬನು ಅಕ್ಷರಗಳನ್ನು ನಿಷೇಧಿಸುತ್ತ ಹೋಗುವನು. ಒಬ್ಬನು ಗಂಟೆ ಬಾರಿಸಿ ಎಣಿಕೆ ಕೇಳುವನು. ಇವರೆಲ್ಲರಿಗಿಂತಲೂ ಕಷ್ಟ ಕೊಡುವವನು ಅಪ್ರಸ್ತುತ ಪ್ರಸಂಗಿ. ಪದ್ಯವು ನಾಲಗೆಯ ತುದಿಗೆ ಬಂದ ಗಳಿಗೆಯಲ್ಲಿ, ಸ್ವಾಮಿ, ಇಂದು ನಿಮ್ಮ ಮನೆಯಲ್ಲಿ ಯಾವ ಹುಳಿ, ಎಂದು ಕೇಳಿ ಮನಸ್ಸನ್ನು ಹರಿಯಗೊಡುವುದೇ ಅವನ ಕೆಲಸ. ಅಂತಹವನಿಗೆ ನಗುತ್ತ ಉತ್ತರ ಕೊಟ್ಟು, ಬಿಟ್ಟ ಪದ್ಯವನ್ನು ಬಿಟ್ಟಲ್ಲಿಂದಲೇ ಹಿಡಿಯುವವನನ್ನು ಸಭೆಯು ಕೊಂಡಾಡುತ್ತದೆ. ಕೋಟಿಗೊಬ್ಬನಿಗೆ ಸಿದ್ಧಿಸುವ ಶಕ್ತಿಯೆಂದೇ ಅದನ್ನು ನಾವು ಕೊಂಡಾಡುವುದು. ಉಳಿದ ಮನುಷ್ಯರಿಗೆ ಅದು ಸಾಧ್ಯವಲ್ಲವೆಂದು ಇದರಿಂದಲೇ ಸಿದ್ಧಿಸುತ್ತದೆ. ಅವಧಾನಿಯು ತಪ್ಪಿದರೆ ಒಂದು ಪದ್ಯ ಕೆಡುವುದು. ವಿಮಾನಚಾಲಕನು ತಪ್ಪಿದರೆ ಆಗುವುದು ಬೇರೆ.

1972ನೆಯ ಡಿಸೆಂಬರ್ 29ರ ರಾತ್ರಿ ನ್ಯೂಯಾರ್ಕಿನಿಂದ ಮಯಾಮಿಗೆ ಬಂದ ಈಸ್ಟರ್ನ್ ಸಂಸ್ಥೆಯ ದೊಡ್ಡ ವಿಮಾನವೊಂದರಲ್ಲಿ ಮುಂದಿನ ಚಕ್ರ ಇಳಿದುದನ್ನು ತೋರಿಸುವ ಪುಟ್ಟ ದೀಪವು ಹತ್ತಲಿಲ್ಲ. ಚಕ್ರವು ಇಳಿದೇ ಇತ್ತು, ಕೆಟ್ಟಿದ್ದುದು ಬಲ್ಬು. ಚಾಲಕರು ಎರಡು ಸಾವಿರ ಅಡಿಯ ಎತ್ತರದಲ್ಲಿ ವಿಮಾನವನ್ನು ಸ್ವಯಂಚಾಲಕ ಯಂತ್ರಕ್ಕೆ ಒಪ್ಪಿಸಿ, ಕೋಣೆಯಲ್ಲಿದ್ದವರೆಲ್ಲರೂ ಆ ಬಲ್ಬಿನ ಕಡೆಗೆ ತಿರುಗಿದರು. ಯಾವುದೋ ಕೈಯೋ ಮೈಯೋ ತಾಗಿ ಎತ್ತರವನ್ನು ಕಾಯುವ ಏರ್ಪಾಡು ಸಡಿಲಿ, ವಿಮಾನವು ಮೆಲ್ಲಮೆಲ್ಲನೆ ಕೆಳಗಿಳಿಯತೊಡಗಿತು. ಎಚ್ಚರಿಕೆಯ ಗಂಟೆಯು ಬಾರಿಸಿತು, ಯಾರೂ ಕೇಳಲಿಲ್ಲ. ಕತ್ತಲಲ್ಲಿ ಎವರ್‌ಗ್ಲೇಡ್ಸ್ ಎಂಬ ಜೌಗುನೆಲಕ್ಕೆ ಅದು ಅಪ್ಪಳಿಸಿ 101 ಮಂದಿ ಸತ್ತರು. ಕೆಲವು ಕಾಸಿನ ಬಲ್ಬೊಂದು ಆ ರಾತ್ರಿಯ ಅಪ್ರಸ್ತುತ ಪ್ರಸಂಗಿಯಾಗಿತ್ತು.

ಎರಡು ವರ್ಷಗಳೂ ತುಂಬಿರಲಿಲ್ಲ. 1974ನೆಯ ಸೆಪ್ಟೆಂಬರ್ 11ರ ಬೆಳಗ್ಗೆ ಅದೇ ಸಂಸ್ಥೆಯ ಇನ್ನೊಂದು ವಿಮಾನವು ಷಾರ್ಲಟ್ ನಗರದ ಬಳಿ ಮಂಜಿನಲ್ಲಿ ಇಳಿಯುತ್ತಿತ್ತು. ಚಾಲಕರು ರಾಜಕೀಯವನ್ನೂ ಹಳೆಯ ಮೋಟಾರುಗಳ ಬೆಲೆಯನ್ನೂ ಕುರಿತು ಮಾತನಾಡುತ್ತ, ಎತ್ತರವನ್ನು ನೋಡುವುದನ್ನು ಬಿಟ್ಟರು. ಓಟಪಥವನ್ನು ಮುಟ್ಟುವ ಮುನ್ನವೇ ವಿಮಾನವು ನೆಲಕ್ಕೆ ಬಡಿದು ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಇಂತಹ ಅನಾಹುತಗಳ ಫಲವಾಗಿ 1981ರಲ್ಲಿ ಅಮೆರಿಕದ ಸರಕಾರವು ನಿಯಮವೊಂದನ್ನು ಮಾಡಿತು: ಹತ್ತು ಸಾವಿರ ಅಡಿಯ ಕೆಳಗೆ ಹಾರುವಾಗ, ಏರುವಾಗ, ಇಳಿಯುವಾಗ ಚಾಲಕರ ಕೋಣೆಯಲ್ಲಿ ಹಾರಾಟಕ್ಕೆ ಸಂಬಂಧಿಸದ ಮಾತನ್ನೂ ಕೆಲಸವನ್ನೂ ಮಾಡಕೂಡದು. ಇತರ ದೇಶಗಳ ವಿಮಾನಸಂಸ್ಥೆಗಳೂ ಈ ಮೌನವ್ರತವನ್ನು ಕೈಕೊಂಡಿವೆ. ವ್ರತವು ಬರಹದಲ್ಲಿದ್ದರೆ ಸಾಲದೆಂಬುದಕ್ಕೆ ಮುಂದಿನ ಘಟನೆಗಳೇ ಸಾಕ್ಷಿ.

ಬೆಂಗಳೂರಿನಲ್ಲಿ ನಡೆದುದು

1990ನೆಯ ಫೆಬ್ರವರಿ 14ರ ಮಧ್ಯಾಹ್ನ ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನವು ಬೆಂಗಳೂರಿನ ಹಳೆಯ ನಿಲ್ದಾಣದ ಓಟಪಥವನ್ನು ಮುಟ್ಟದೆ ಅದಕ್ಕೆ ಮುಂಚಿನ ಗಾಲ್ಫ್ ಮೈದಾನದಲ್ಲಿ ಬಿದ್ದುದನ್ನು ಹಿರಿಯ ವಾಚಕರು ಮರೆತಿರಲಾರರು. ಏರ್‌ಬಸ್ 320 ಎಂಬ ಆ ಮಾದರಿಯು ಆಗ ದೇಶಕ್ಕೆ ಹೊಸದು. 146 ಮಂದಿಯಲ್ಲಿ 92 ಮಂದಿ ಮಡಿದರು. ಒಬ್ಬ ಕ್ಯಾಪ್ಟನ್ನರನ್ನು ಇನ್ನೊಬ್ಬ ಹಿರಿಯ ಕ್ಯಾಪ್ಟನ್ನರು ಆ ದಿನ ಪರೀಕ್ಷಿಸುತ್ತಿದ್ದರು. ಅಂದರೆ ಕೋಣೆಯಲ್ಲಿ ಅನುಭವಕ್ಕೆ ಕೊರತೆಯಿರಲಿಲ್ಲ. ಇಳಿತದ ಕೊನೆಯ ಹಂತದಲ್ಲಿ ಯಂತ್ರಗಳ ಬಲವನ್ನು ಪೂರಾ ತಗ್ಗಿಸಿ ಇಳಿಯುವ ಕ್ರಮವು ಜಾರಿಯಲ್ಲಿದ್ದುದನ್ನು ಇಬ್ಬರೂ ಸಕಾಲದಲ್ಲಿ ಗ್ರಹಿಸಲಿಲ್ಲ. ವೇಗವು ಇರಬೇಕಾದುದಕ್ಕಿಂತ ಕೆಳಗೆ, ಇನ್ನೂ ಕೆಳಗೆ ಇಳಿಯಿತು. ಯಂತ್ರವು ಎತ್ತರವನ್ನು ಕೂಗಿ ಹೇಳುತ್ತಿದ್ದರೂ ಬಲವನ್ನು ಹೆಚ್ಚಿಸುವ ಹಿಡಿಯನ್ನು ಮುಂದಕ್ಕೆ ತಳ್ಳುವುದು ತಡವಾಯಿತು.

ಇಲ್ಲಿ ಹರಟೆಯಿರಲಿಲ್ಲ, ನಿದ್ರೆಯಿರಲಿಲ್ಲ. ಆದರೂ ಗಮನವು ಇರಬೇಕಾದಲ್ಲಿ ಇರಲಿಲ್ಲ. ಹೊಸ ಯಂತ್ರವು ತಾನಾಗಿ ಎಲ್ಲವನ್ನೂ ನೋಡಿಕೊಳ್ಳುವುದೆಂಬ ಭರವಸೆ, ಪಕ್ಕದಲ್ಲಿರುವವರು ನೋಡಿಕೊಳ್ಳುವರೆಂಬ ಭರವಸೆ, ಇವೆರಡೂ ಸೇರಿದರೆ ನೋಡುವವರು ಯಾರೂ ಇಲ್ಲದಂತಾಗುತ್ತದೆ. ಇಬ್ಬರು ಹಿರಿಯರು ಕೂಡಿದ ಕಡೆ ಒಬ್ಬ ಕಿರಿಯನಿದ್ದುದಕ್ಕಿಂತ ಎಚ್ಚರವು ಕಡಮೆಯಾಗುವುದುಂಟೆಂಬುದು ಕಚೇರಿಗಳಲ್ಲಿ ಕೆಲಸ ಮಾಡಿದವರಿಗೂ ತಿಳಿದ ಸಂಗತಿಯೇ.

ಇತ್ತಲಾಗಿ ನೋಡೋಣ. 2020ನೆಯ ಮೇ ತಿಂಗಳ 22ರಂದು, ಮಂಗಳೂರಿನ ದುರಂತಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, ಲಾಹೋರಿನಿಂದ ಬಂದ ಪಾಕಿಸ್ತಾನದ ವಿಮಾನವೊಂದು ಕರಾಚಿಯಲ್ಲಿ ಇಳಿಯುತ್ತಿತ್ತು. ಚಾಲಕರ ಮನಸ್ಸು ಆಗ ಲೋಕವನ್ನೆಲ್ಲ ಆವರಿಸಿದ್ದ ಕೊರೋನ ರೋಗದ ಮಾತಿನಲ್ಲಿ ತೊಡಗಿತ್ತೆಂದು ಆ ದೇಶದ ಮಂತ್ರಿಗಳೇ ತಮ್ಮ ಶಾಸನಸಭೆಯಲ್ಲಿ ತಿಳಿಸಿದರು. ಎತ್ತರವು ಹೆಚ್ಚಾಗಿದೆಯೆಂದು ನೆಲದಿಂದ ಎಚ್ಚರಿಸಿದರೂ ಚಾಲಕರು ಒಪ್ಪಲಿಲ್ಲ. ಒಮ್ಮೆ ಇಳಿಸಿದ್ದ ಚಕ್ರಗಳನ್ನು ಮತ್ತೆ ಮೇಲಕ್ಕೆಳೆದುದು ಯಾರ ಗಮನಕ್ಕೂ ಬರಲಿಲ್ಲ. ಚಕ್ರವಿಲ್ಲದ ವಿಮಾನವು ತನ್ನ ಯಂತ್ರಗಳ ಮೇಲೆಯೇ ಓಟಪಥವನ್ನು ಉಜ್ಜಿ, ಕಿಡಿಗಳನ್ನು ಹಾರಿಸಿ, ಮತ್ತೆ ಮೇಲೇರಿತು. ಯಂತ್ರಗಳು ಕೆಟ್ಟು ಮನೆಗಳ ಮೇಲೆ ಬಿದ್ದಿತು. 99 ಮಂದಿಯಲ್ಲಿ ಇಬ್ಬರು ಮಾತ್ರ ಉಳಿದರು. ಚಕ್ರ ಇಳಿದಿದೆಯೆ ಎಂಬುದು ಇಳಿಯುವ ಪಟ್ಟಿಯ ಮುಖ್ಯವಾದ ಬಾಬು. ಅದನ್ನು ನೋಡಿ ಉತ್ತರಿಸಿದ್ದರೆ ಆ ಚಕ್ರಗಳಿಲ್ಲದ ಸ್ಪರ್ಶವು ಆಗುತ್ತಲೇ ಇರಲಿಲ್ಲ.

ಅದೇ ವರ್ಷ ಆಗಸ್ಟ್ 7ರಂದು ನಮ್ಮ ನೆರೆಯ ಕೋಯಿಕ್ಕೋಡಿನಲ್ಲಿ, ಮಂಗಳೂರಿನಂತೆಯೇ ಬೆಟ್ಟದ ನೆತ್ತಿಯಲ್ಲಿರುವ ನಿಲ್ದಾಣದಲ್ಲಿ, ದುಬೈಯಿಂದಲೇ ಬಂದ ವಿಮಾನವು ಮಳೆಯಲ್ಲಿ ಓಟಪಥದ ಅರ್ಧಭಾಗವನ್ನು ದಾಟಿ ನೆಲ ಮುಟ್ಟಿ ಕಮರಿಗೆ ಬಿದ್ದು 21 ಮಂದಿ ಮಡಿದರು. ಮೇಲೇರಿ ಹೋಗೋಣವೆಂದು ಸಹಚಾಲಕರು ಹೇಳಿದ್ದರೂ ಇಳಿತವನ್ನು ಮುಂದುವರಿಸಿದುದೇ ಕಾರಣವೆಂದು ತನಿಖೆಯು ನಿರ್ಣಯಿಸಿತು. ಮಂಗಳೂರಿನ ವರದಿಯನ್ನು ಓದಿದವರಿಗೆ ಕೋಯಿಕ್ಕೋಡಿನ ವರದಿಯು ಹಳೆಯ ಕಾಗದದ ನಕಲಿನಂತೆ ತೋರಿದರೆ ಆಶ್ಚರ್ಯವಿಲ್ಲ. ಹತ್ತು ವರ್ಷಗಳಲ್ಲಿ ನಾವು ಕಲಿತುದು ಇಷ್ಟೇ ಏನು?

ಕಿರಿಯನ ಮಾತು

ಈ ಎರಡು ದುರಂತಗಳಲ್ಲಿಯೂ ಸತ್ಯವು ಕೋಣೆಯೊಳಗೇ ಇತ್ತು. ಅದನ್ನು ಹೇಳಿದವನು ಕಿರಿಯನಾದುದರಿಂದ ಅದು ನಡೆಯಲಿಲ್ಲ. ಇದು ವಿಮಾನಗಳಿಗೆ ಮಾತ್ರ ಸೇರಿದ ರೋಗವಲ್ಲ. ಹಿರಿಯರ ಎದುರಿಗೆ ತಲೆತಗ್ಗಿಸಿ ನಿಲ್ಲುವುದನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಅದು ಒಳ್ಳೆಯ ನಡತೆಯೇ ಸರಿ. ಆದರೆ ಸಾಹೇಬರು ತಪ್ಪು ಲೆಕ್ಕಕ್ಕೆ ರುಜು ಹಾಕುವುದನ್ನು ಕಂಡ ಗುಮಾಸ್ತನು ಬಾಯಿಬಿಡದೆ ಇದ್ದರೆ, ತಪ್ಪು ಔಷಧದ ಹೆಸರನ್ನು ಕಂಡ ದಾದಿಯು ವೈದ್ಯರಿಗೆ ಹೇಳಲಂಜಿದರೆ, ಅದು ವಿನಯವಲ್ಲ. ಹೇಳಿದವನನ್ನು ಗದರಿಸಿ ಕೂರಿಸುವ ಹಿರಿಯನ ತಪ್ಪಂತೂ ಇನ್ನೂ ದೊಡ್ಡದು. ಮಹಾಭಾರತದ ಸಭೆಯಲ್ಲಿ ಹಿರಿಯರೆಲ್ಲರೂ ಸುಮ್ಮನಿರುವಾಗ ಎದ್ದು ನ್ಯಾಯವನ್ನು ಹೇಳಿದವನು ಕೌರವರಲ್ಲಿ ಕಿರಿಯನಾದ ವಿಕರ್ಣ. ಅವನಿಗೆ ದೊರೆತದ್ದು ಕರ್ಣನ ಬೈಗುಳ. ಮುಂದೆ ಏನಾಯಿತೆಂಬುದನ್ನು ಹೇಳಬೇಕಾಗಿಲ್ಲ.

ಆದಕಾರಣ ನಮ್ಮ ಅಭಿಪ್ರಾಯದಲ್ಲಿ, ಇಳಿತದ ಕಾಲದಲ್ಲಿ ಇಬ್ಬರಲ್ಲಿ ಯಾರೊಬ್ಬರು ಮೇಲೇರೋಣವೆಂದು ಹೇಳಿದರೂ ಅದು ಸಲಹೆಯಲ್ಲ, ಆಜ್ಞೆ ಎಂಬ ನಿಯಮವು ನಮ್ಮ ದೇಶದ ಎಲ್ಲ ವಿಮಾನಗಳಲ್ಲಿಯೂ ಅಕ್ಷರಶಃ ನಡೆಯಬೇಕು. ಹಾಗೆ ಮೇಲೇರಿದುದಕ್ಕಾಗಿ, ಎಣ್ಣೆ ಖರ್ಚಾಯಿತೆಂದೋ ಹೊತ್ತು ತಪ್ಪಿತೆಂದೋ ಯಾವ ಚಾಲಕನಿಂದಲೂ ವಿವರಣೆ ಕೇಳಕೂಡದು. ಮೇಲೇರಿ ಸುತ್ತಿ ಬಂದ ಚಾಲಕನನ್ನು ಶಪಿಸುವ ಪ್ರಯಾಣಿಕರೂ ಸ್ವಲ್ಪ ತಡೆದು ಯೋಚಿಸಬೇಕು. ಮಂಗಳೂರಿನ ಆ ಬೆಳಗ್ಗೆ ಹದಿನೈದು ನಿಮಿಷ ತಡವಾಗಿದ್ದರೆ ಏನು ಕೆಡುತ್ತಿತ್ತು?

ನಮ್ಮ ಘಟ್ಟದಲ್ಲಿ

ವಿಮಾನದ ಮಾತು ನಮಗೇಕೆ, ನಾವು ಮೋಟಾರಿನಲ್ಲಿಯೂ ರೈಲಿನಲ್ಲಿಯೂ ಹೋಗುವವರು, ಎಂದು ಆಲೂರಿನ ವಾಚಕರು ಕೇಳಬಹುದು. ಅವರಿಗೂ ಇದೇ ಮಾತು ಸಲ್ಲುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲುದಾರಿಯು ಸುಮಾರು 55 ಕಿಲೋಮೀಟರುಗಳಲ್ಲಿ 57 ಸುರಂಗಗಳನ್ನು ಹೊಕ್ಕು, ಐವತ್ತು ಅಡಿಗೆ ಒಂದು ಅಡಿಯಂತೆ ಇಳಿಯುತ್ತದೆ. ದೋಣಿಗಾಲು, ಯಡಕುಮೇರಿಗಳ ಕಾಡಿನಲ್ಲಿ ಮಂಜು ಮಳೆಗಳ ನಡುವೆ ಗಾಡಿಯನ್ನು ಇಳಿಸುವ ಚಾಲಕನೂ ಅವನ ಸಹಾಯಕನೂ ಪ್ರತಿಯೊಂದು ಸಿಗ್ನಲ್ಲನ್ನೂ ಗಟ್ಟಿಯಾಗಿ ಕೂಗಿ ಒಬ್ಬರಿಗೊಬ್ಬರು ತಿಳಿಸಬೇಕೆಂಬುದು ರೈಲ್ವೆಯ ನಿಯಮ. ಇಬ್ಬರ ಕಣ್ಣೂ ಒಂದೇ ದೀಪವನ್ನು ನೋಡಿ, ಇಬ್ಬರ ಬಾಯಿಯೂ ಒಂದೇ ಬಣ್ಣವನ್ನು ಹೇಳಬೇಕು. ಇದೂ ತಾಳೆಪಟ್ಟಿಯೇ. ಘಟ್ಟವಿಳಿಯುವ ಮುನ್ನ ಬ್ರೇಕುಗಳನ್ನು ಪರೀಕ್ಷಿಸಲು ಗಾಡಿ ನಿಂತಾಗ, ಇದೇನು ತಡ, ಎಂದು ಗೊಣಗುವ ಪ್ರಯಾಣಿಕರು ಮಂಗಳೂರಿನ ಕಮರಿಯನ್ನು ನೆನೆಯಲಿ.

ರಸ್ತೆಯ ಸ್ಥಿತಿಯು ಹಾಗಿಲ್ಲ. ಶಿರಾಡಿಯ ಘಟ್ಟದಲ್ಲಿ ಮಾರನಹಳ್ಳಿಯಿಂದ ಗುಂಡ್ಯದವರೆಗೆ ರಾತ್ರಿ ಪ್ರಯಾಣ ಮಾಡಿದವರಿಗೆ ಗೊತ್ತು. ಚಾಲಕನ ಪಕ್ಕದ ಪೀಠದಲ್ಲಿ ಕುಳಿತು ಮೆಣಸಿನ ಧಾರಣೆಯನ್ನೂ ಚುನಾವಣೆಯನ್ನೂ ಮಾತನಾಡಿಸುವವರಿಗೆ ಕೊರತೆಯಿಲ್ಲ. ಒಂದು ಕೈಯಲ್ಲಿ ಚಕ್ರ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದ ಲಾರಿಯ ಚಾಲಕರನ್ನು ನಾವೇ ಕಂಡಿದ್ದೇವೆ. ಚಾಲಕನೊಡನೆ ಮಾತನಾಡಬೇಡಿರೆಂಬ ಫಲಕವನ್ನು ಬಸ್ಸಿನಲ್ಲಿ ಬರೆದಿರುತ್ತಾರೆ. ಅದನ್ನು ಓದಬಲ್ಲ ವಿದ್ಯಾವಂತರೇ ಅದರ ಕೆಳಗೆ ಕುಳಿತು ಮಾತನಾಡುವುದನ್ನು ನೋಡಿ ನಮಗೆ ನಾಚಿಕೆಯಾಗಿದೆ.

ಇತರರ ತಪ್ಪನ್ನು ಹೇಳುವ ನಾವು ನಮ್ಮದನ್ನೂ ಹೇಳುವುದು ನ್ಯಾಯ. ಪತ್ರಿಕೆಯ ಕಚೇರಿಯಲ್ಲಿ ಕರಡನ್ನು ತಿದ್ದುವಾಗ ಒಬ್ಬನು ಮೂಲವನ್ನು ಓದಬೇಕು, ಇನ್ನೊಬ್ಬನು ಅಚ್ಚನ್ನು ನೋಡಬೇಕು ಎಂಬ ಕಟ್ಟಳೆಯನ್ನು ಮಾಡಿದವರು ನಾವೇ. ಒಂದು ಸಂಜೆ ಮುಖಪುಟದ ಕರಡು ನಮ್ಮ ಮುಂದಿರುವಾಗ ಸ್ನೇಹಿತರೊಬ್ಬರು ಬಂದು ಕುಳಿತರು. ಮಾತಿನ ಭರದಲ್ಲಿ ನಾವು ಒಬ್ಬರೇ ಕಣ್ಣಾಡಿಸಿ ರುಜು ಹಾಕಿದೆವು. ನಮ್ಮ ಹುಡುಗನು ಬಾಗಿಲಲ್ಲಿ ನಿಂತು ಏನನ್ನೋ ಹೇಳಲು ಬಂದನು. ಆಮೇಲೆ ಬಾ ಎಂದೆವು. ಮರುದಿನದ ಪತ್ರಿಕೆಯು ಹಿಂದಿನ ದಿನದ ತಾರೀಖನ್ನು ಹೊತ್ತು ಹೊರಟಿತು. ಹುಡುಗನು ಹೇಳಬಂದುದು ಅದನ್ನೇ. ನಮ್ಮ ತಪ್ಪಿನಿಂದ ಯಾರಿಗೂ ಪ್ರಾಣಾಪಾಯವಾಗಲಿಲ್ಲ, ಊರಿನವರು ನಕ್ಕರು. ಆದರೆ ನಿದ್ರೆಯೊಂದನ್ನು ಬಿಟ್ಟರೆ ಬಜ್ಪೆಯಲ್ಲಿ ನಡೆದುದಕ್ಕೂ ಇದಕ್ಕೂ ರೀತಿಯಲ್ಲಿ ಭೇದವಿಲ್ಲವೆಂಬುದನ್ನು ಕಂಡು ನಾವು ಅಂದು ನಗಲಿಲ್ಲ.

ಗುರುತು ಹಾಕುವ ಅಭ್ಯಾಸ

ಅಧಿಕಾರವರ್ಗದವರಿಗೆ ಒಂದು ಮಾತನ್ನು ಬಿನ್ನವಿಸಬೇಕಾಗಿದೆ. ವಿಮಾನದ ಪಟ್ಟಿಯನ್ನು ನೋಡಿ ವೈದ್ಯರೂ ಅದನ್ನು ಕೈಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ 19 ಬಾಬುಗಳ ಪಟ್ಟಿಯೊಂದನ್ನು ಹೊರಡಿಸಿತು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗಿಸಿ ನೋಡಿದಾಗ, ಸಾವಿನ ಪ್ರಮಾಣವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಇದನ್ನು ಕಂಡು ಕೆನಡ ದೇಶದ ಒಂಟಾರಿಯೊ ಪ್ರಾಂತದವರು ತಮ್ಮ ನೂರೊಂದು ಆಸ್ಪತ್ರೆಗಳಲ್ಲಿ ಅದನ್ನು ಜಾರಿಗೆ ತಂದರು. 2014ರಲ್ಲಿ ಲೆಕ್ಕ ನೋಡಿದಾಗ ಸಾವುಗಳು ಗಣನೀಯವಾಗಿ ಇಳಿದಿರಲಿಲ್ಲ. ಪಟ್ಟಿಯು ಅದೇ. ಮೇಲಿನಿಂದ ಬಂದ ಹುಕುಮಿಗಾಗಿ ಕಾಗದದ ಮೇಲೆ ಗುರುತು ಹಾಕುವುದು ಬೇರೆ, ನಿಂತು ನೋಡಿ ಒಬ್ಬರಿಗೊಬ್ಬರು ಹೇಳುವುದು ಬೇರೆ, ಎಂದು ಇದನ್ನು ಬಲ್ಲವರಲ್ಲಿ ಅನೇಕರು ಅರ್ಥಮಾಡಿದ್ದಾರೆ.

ನಮ್ಮ ಜಿಲ್ಲೆಯಲ್ಲಿ ಮಳೆಗಾಲಕ್ಕೆ ಮುಂಚೆ ಸೇತುವೆಗಳನ್ನು ನೋಡಿದ್ದೇವೆ, ಶಾಲೆಯ ಮಾಡುಗಳನ್ನು ನೋಡಿದ್ದೇವೆ, ಕೆರೆಯ ಏರಿಗಳನ್ನು ನೋಡಿದ್ದೇವೆ ಎಂದು ಬರೆದ ವರದಿಗಳಲ್ಲಿ ನಿಜವಾಗಿ ಕಾಲಿಟ್ಟು ನೋಡಿದುದೆಷ್ಟು, ಕುರ್ಚಿಯಲ್ಲಿ ಕುಳಿತು ಗುರುತು ಹಾಕಿದುದೆಷ್ಟು, ಎಂಬುದನ್ನು ಅವರವರ ಆತ್ಮಸಾಕ್ಷಿಯೇ ಹೇಳಬೇಕು. ಹಾಸನಕ್ಕೂ ವಿಮಾನನಿಲ್ದಾಣ ಬೇಕೆಂದು ಬೂವನಹಳ್ಳಿಯ ಹೆಸರನ್ನು ಹಿಡಿದು ಬಹುಕಾಲದಿಂದ ಮಾತಾಗುತ್ತಿದೆ. ನಿಲ್ದಾಣವು ಆಗಲಿ; ನಾವು ಬೇಡವೆನ್ನುವವರಲ್ಲ. ಆದರೆ ಓಟಪಥವನ್ನು ಸಿಮೆಂಟಿನಿಂದ ಕಟ್ಟುವುದು ಸುಲಭ, ಅವಧಾನವನ್ನು ಕಟ್ಟುವುದು ಕಷ್ಟ, ಎಂಬುದನ್ನು ಈಗಲೇ ತಿಳಿದಿರುವುದು ಮೇಲು.

ವಿಶ್ರಾಂತಿಯ ವಿಷಯವನ್ನು ಹೇಳದೆ ಮುಗಿಸುವುದು ಸರಿಯಲ್ಲ. ನಿದ್ರೆಗೆಟ್ಟವನಿಗೆ ಯಾವ ಪಟ್ಟಿಯೂ ಕಾಣಿಸದು. 2024ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಚಾಲಕರ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48 ಗಂಟೆಗಳಿಗೆ ಏರಿಸಿ, ರಾತ್ರಿಯ ಇಳಿತಗಳ ಸಂಖ್ಯೆಯನ್ನು ಕಡಮೆಮಾಡಿ ನಿಯಮಗಳನ್ನು ಪ್ರಕಟಿಸಿತು. ಅವು ಹಂತಹಂತವಾಗಿ 2025ರಲ್ಲಿ ಜಾರಿಗೆ ಬಂದುವು. ಆ ವರ್ಷದ ಡಿಸೆಂಬರಿನಲ್ಲಿ ದೇಶದ ದೊಡ್ಡ ಕಂಪನಿಯೊಂದರ ಸಾವಿರಾರು ಹಾರಾಟಗಳು ನಿಂತು ಪ್ರಯಾಣಿಕರು ಗೋಳಾಡಿದಾಗ, ಅದೇ ನಿಯಮಗಳಿಗೆ ತಾತ್ಕಾಲಿಕ ವಿನಾಯಿತಿಯನ್ನು ಕೊಡಬೇಕಾಯಿತು. ಪ್ರಯಾಣಿಕರ ಕಷ್ಟವು ನಿಜ. ಆದರೆ ಎರಡು ವರ್ಷ ಮುಂಚೆಯೇ ಗೊತ್ತಿದ್ದ ನಿಯಮಕ್ಕೆ ಬೇಕಾದಷ್ಟು ಚಾಲಕರನ್ನು ಸಿದ್ಧಗೊಳಿಸದೆ, ಕೊನೆಗೆ ಚಾಲಕನ ನಿದ್ರೆಯಿಂದಲೇ ಸಾಲವನ್ನು ತೀರಿಸುವುದು ಯಾವ ನ್ಯಾಯ? ಮಂಗಳೂರಿನ ಧ್ವನಿಮುದ್ರೆಯಲ್ಲಿ ಕೇಳಿಬಂದ ಗೊರಕೆಯನ್ನು ಅಧಿಕಾರಿಗಳು ಇಷ್ಟು ಬೇಗ ಮರೆಯಬಾರದಾಗಿತ್ತು.

ನಾವು ಕೇಳುವುದು ದೊಡ್ಡದೇನೂ ಅಲ್ಲ. ಚಾಲಕನಿಗೆ ನಿದ್ರೆಯನ್ನು ಕೊಡಿರಿ. ಕಿರಿಯನಿಗೆ ಮಾತನ್ನು ಕೊಡಿರಿ. ಪಟ್ಟಿಯನ್ನು ಓದುವಾಗ ಓದಿರಿ. ಕೆಲಸದಲ್ಲಿರುವವನನ್ನು ಮಾತನಾಡಿಸದಿರಿ. ಇವುಗಳಲ್ಲಿ ಕೊನೆಯ ಎರಡನ್ನು ಪಾಲಿಸುವುದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ; ಇಂದು ರಾತ್ರಿ ಸಕಲೇಶಪುರದಿಂದ ಘಟ್ಟವಿಳಿಯುವ ಬಸ್ಸಿನಲ್ಲಿಯೇ ಆರಂಭಿಸಬಹುದು. ಮುಂದಿನ ಮೇ 22ರಂದು ಕೂಳೂರಿನ ಸ್ಮಾರಕಕ್ಕೆ ಹೂವು ತೆಗೆದುಕೊಂಡು ಹೋಗುವ ಅಧಿಕಾರಿಗಳು, ಅಲ್ಲಿಂದ ಹಿಂತಿರುಗುವಾಗ ತಮ್ಮ ಕಾರಿನ ಚಾಲಕನು ಎಷ್ಟು ಹೊತ್ತು ಮಲಗಿದ್ದನೆಂದು ಒಮ್ಮೆ ಕೇಳಿ ಹೊರಡಲಿ. ಸತ್ತವರಿಗೆ ಅದಕ್ಕಿಂತ ಉಚಿತವಾದ ಗೌರವವು ನಮಗೆ ತೋರುವುದಿಲ್ಲ.